ಹದಿನಾಲ್ಕು ನಂಬರ್

ನಲವತ್ತು ಮಗ್ಗ ಒಮ್ಮೆಲೆ ಬಡಿಯೂ ಶೆಡ್ಡಿನಾಗ
ಹನ್ನೊಂದನೇದರ ಪಿಕ್ಕರ್ ಸಡಲಾಗೇತಿ ಅಂತ
ಬಾಗಲದಾಗ ನಿಂತ ಹೇಳತಿದ್ದೆ ನಾ.
ಬನಹಟ್ಟಿಯಾಗ ನನ್ನ ಕಿವಿಗೆ ಹೆಸರಿತ್ತು.
ಮುರಿಗೆಪ್ಪ ಸಾವಕಾರ್ರು ಬ್ಯಾರೆ ಜಾಬರ್‌ನ ಕರೀತಿದ್ದಿಲ್ಲ.

ಏಣಿ ಜಾರಿ ಬಿದ್ದೆ, ಬೆನ್ನಿಗೆ ಪೆಟ್ಟು.
ಎಲುಬು ನೋಡಾಕ ಬಾಗಲಕೋಟಿಗೆ ಒಯ್ದರು,
ಎಲುಬು ಗಟ್ಟಿ ಅದಾವ ಅಂದ್ರು.
ಮತ್ತ ಡಾಕ್ಟರ್ ಬಾಗವಾನ ಬಾಯಾರು
ಫಿಲ್ಮ್ ಬೆಳಕಿಗೆ ಹಿಡದು, ಸುಮ್ಮನಾಗಿ,
ಹೊಟ್ಟಿ ಹಿಂದ ಎಡಕ್ಕ
ಒಂದು ಬೆಳ್ಳನ ಚುಕ್ಕಿ ತೋರಿಸಿದ್ರು.

ಮೇದೋಜ್ಜೀರಕ.
ಅನ್ನೂದ್ರಾಗ ನೀಲಾಂಬಿಕಾ ಮೂರು ಸಲ ಎಡವಿದಳು.
ಅದರ ಬಾಲದಾಗ ಗಡ್ಡಿ, ಹದಿನಾಲ್ಕು ಮಿಲಿಮೀಟರ್.
ಹದಿನಾಲ್ಕು!
ಅದ ನಂಬರಿನ ಪಾನಾ ಐತಲ್ಲ ನನ್ನ ಕಿಸೆದಾಗ,
ಮೂವತ್ತು ವರ್ಷ ಅದ ನಟ್ ಬಿಗದೀನಿ, ಬಿಚ್ಚೀನಿ,
ಕಣ್ಣು ಮುಚ್ಚಿದ್ರೂ ಬೆರಳಿಗೆ ಗೊತ್ತು ಅದರ ಆರೂ ಮೂಲಿ.

ಬೆವರು ಬಿಡತೈತೇನು? ತಲಿ ತಿರಗತೈತೇನು?
ತೂಕ ಇಳದೈತೇನು?
ಇಲ್ರಿ. ನಾಲ್ಕು ರೊಟ್ಟಿ ತಿಂತೀನ್ರಿ, ಮ್ಯಾಲೆ ಮಜ್ಜಿಗಿ.
ರಕ್ತದಾಗ ಒಂದು ಹಾರ್ಮೋನ್ ಹೆಚ್ಚೈತಿ, ಅಂದ್ರು,
ಆ ಗಡ್ಡಿನ ಮಾಡಾಕತ್ತೈತಿ.
ಖರೆ, ಮಾಡಿದ್ರೂ ಮೈಗೆ ಏನೂ ತಿಳಿಯಂಗಿಲ್ಲ.

ನನಗ ತಿಳದದ್ದು ಇಷ್ಟು:
ಒಳಗೊಂದು ಮಗ್ಗ ಐತಿ.
ಅದಕ್ಕ ಪಾಳಿ ಇಲ್ಲ, ಪಗಾರ ಇಲ್ಲ,
ಕರೆಂಟ್ ಹೋದ್ರೂ ನಿಲ್ಲಂಗಿಲ್ಲ.
ನೇದದ್ದೆಲ್ಲಾ ನೆತ್ತರಕ್ಕ ಸುರವತೈತಿ,
ಕೊಳ್ಳವರಿಲ್ಲ, ಬ್ಯಾಡಂತ ಹೊಳ್ಳಿ ಕಳಸವರೂ ಇಲ್ಲ.
ಸಪ್ಪಳ ಇಲ್ಲ.

ಸಪ್ಪಳ ಇಲ್ಲದ ಮಗ್ಗ ನಾ ಕಂಡಿದ್ದಿಲ್ಲ.

ಸಣ್ಣದೈತಿ, ಈಗ ಕೊಯ್ಯೂದು ಬ್ಯಾಡ,
ಆರು ತಿಂಗಳಿಗೊಮ್ಮೆ ಬರ್ರಿ, ನೋಡೂಣು, ಅಂದ್ರು.
ಬಸ್ಸಿನಾಗ ಇಬ್ಬರೂ ಮಾತಾಡಲಿಲ್ಲ.
ಲೋಕಾಪುರದಾಗ ಶೇಂಗಾ ತಗೊಂಡ್ವಿ,
ಸುಲಿದದ್ದೆಲ್ಲಾ ಆಕಿ ನನಗ ಕೊಟ್ಟಳು.

ಅವತ್ತ ರಾತ್ರಿ ಕರೆಂಟ್ ಹೋತು.
ಓಣಿ ತುಂಬ ಮಗ್ಗ ಒಮ್ಮೆಲೆ ನಿಂತವು,
ನಾಯಿ ಸೈತ ಬೆದರಿ ಎದ್ದು ಕುಂತಿತು.
ಆಕಿ ಬಂದು ನನ್ನ ಹೊಟ್ಟಿಗೆ ಕಿವಿ ಹಚ್ಚಿದಳು,
ಮೂಗಬಟ್ಟು ತಣ್ಣಗ ತಾಕತಿತ್ತು.
ಏನರ ಕೇಳತೈತೇನ?
ಬಾಳೊತ್ತು ಬಿಟ್ಟು ಅಂದಳು: ಹಸಿವು.
ಕತ್ತಲದಾಗ ಎರಡು ರೊಟ್ಟಿ ತಂದಿಟ್ಟಳು.

ಮುಂಜಾನೆ ಶೆಡ್ಡಿಗೆ ಹೋದೆ.
ಹನ್ನೊಂದನೇದು ಒದರಾಕತ್ತಿತ್ತು, ಒದರಲಿ ಅಂತ ಬಿಟ್ಟೆ.
ಎಂದೂ ತಕರಾರು ಮಾಡದ
ಇಪ್ಪತ್ತಾರನೇ ಮಗ್ಗದ ಮುಂದ ಕುಂತೆ,
ಪಾನಾ ಹಚ್ಚಿ ನೋಡಿದೆ, ನಟ್ ಗಟ್ಟಿ ಇತ್ತು.
ಮತ್ತೊಮ್ಮೆ ನೋಡಿದೆ.