ಸೊಳ್ಳೆಪೆಟ್ಟಿಗೆ

ಆಕ್ರಿಂಗ್ಟನ್ನಿನ ಗ್ರಂಥಾಲಯದ ಮೇಲ್ಮಹಡಿಯಲ್ಲಿ
ಹೀಟರು ಕೆಟ್ಟ ಮಂಗಳವಾರ ಸಂಜೆ
ನಲವತ್ತು ಕುರ್ಚಿ, ಐವತ್ತೆರಡು ಜನ.
ಬಸ್‌ಸ್ಟಾಪಿನ ಗಾಜು ಮೂರನೇ ಸಲ ಒಡೆದಿತ್ತು.
ಬೆಳಗ್ಗೆ ನಾನೂ ನೋಡಿದ್ದೆ: ಫುಟ್‌ಪಾತಿನ ತುಂಬ
ಕಲ್ಲುಸಕ್ಕರೆ ಚೆಲ್ಲಿದ ಹಾಗೆ.

ಡೋರೀನ್ ಎಂಟ್ವಿಸಲ್ ಎದ್ದು ನಿಂತರು,
ಊರುಗೋಲು ಕುರ್ಚಿಗೆ ಒರಗಿಸಿ:
‘ನನ್ನ ಕಸದ ತೊಟ್ಟಿಗೆ ಬೆಂಕಿ ಇಟ್ಟರು.
ಇಟ್ಟು ನಕ್ಕರು. ತಡೆಯಲಾಗದ್ದು ಅದು, ಆ ನಗು.’
ಯಾರೂ ಮಾತಾಡಲಿಲ್ಲ.
ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.
ಸೈನ್ಯಕ್ಕೆ ಸೇರಿಸಿ ಅಂದರು, ತಾಯಂದಿರಿಗೆ ದಂಡ ಹಾಕಿ ಅಂದರು,
ನಮ್ಮ ಕಾಲದಲ್ಲಿ, ಅಂದರು.
ಮುಚ್ಚಿಹೋದ ಯೂತ್ ಕ್ಲಬ್ಬಿನ ಮಾತೆತ್ತಿದ ಹುಡುಗಿಗೆ
‘ನಿನಗೆಷ್ಟಮ್ಮ ವಯಸ್ಸು’ ಅಂದರು.

ಕೊನೆಗೆ ಬಂತು ಪೆಟ್ಟಿಗೆ, ಇಟ್ಟಿಗೆಯಷ್ಟು ದಪ್ಪ.
ಹರೆಯದ ಕಿವಿಗೆ ಮಾತ್ರ ಕೇಳುವ ಸದ್ದಂತೆ,
ಸೊಳ್ಳೆ ಅನ್ನುತ್ತಾರಂತೆ ಅದಕ್ಕೆ.
ಇಪ್ಪತ್ತೈದು ದಾಟಿದವರಿಗೆ ಏನೂ ಇಲ್ಲ.
ಏಟಿಲ್ಲ, ರಕ್ತವಿಲ್ಲ, ಕೋರ್ಟಿಲ್ಲ.
ಕೈ ಎತ್ತಿದರು. ನಾನೂ ಎತ್ತಿದೆ.
ನನ್ನ ಔಷಧದಂಗಡಿಯ ಬಾಗಿಲ ಮೇಲೇ ಕೂರಿಸಿದರು.

ಗದಗಿನಲ್ಲಿ ಒಮ್ಮೆ ಬೀದಿದೀಪಕ್ಕೆ ಕಲ್ಲೆಸೆದವಳು ನಾನು.
‘ಯಾರ ಮಗಳೇ ನೀನು?’ ಅಂತ ಕಿವಿ ಹಿಂಡಿದರು.
ಅಪ್ಪನ ಹೆಸರು ಹೇಳಿದೆ, ಬಿಟ್ಟರು.
ಜೊತೆಗಿದ್ದ ದುರಗವ್ವನ ಮಗನನ್ನು ಬಿಡಲಿಲ್ಲ.
ಸಭೆಯಲ್ಲಿ ಇದನ್ನು ಹೇಳಬಹುದಿತ್ತು.
ಚಳಿ ಇತ್ತು, ಮನೆಗೆ ಬಂದೆ.

ಸೋಮವಾರದಿಂದ ಅಂಗಡಿಯ ಸಾಲಿನಲ್ಲಿ
ಕೂಸುಗಳು ಸುಮ್ಮಸುಮ್ಮನೆ ಅಳುತ್ತಿವೆ.
ಹಲ್ಲು ಬರ್ತಿರಬೇಕು ಅನ್ನುತ್ತಾರೆ ಅಜ್ಜಿಯರು.

ಗುರುವಾರ ನಾಲ್ಕೂವರೆಗೆ ಕೋರಿ ಬಂದ,
ಅಮ್ಮನ ಮಾತ್ರೆಗಳಿಗೆ. ಎರಡು ವರ್ಷದಿಂದ ಒಂದು ವಾರವೂ ತಪ್ಪಿಲ್ಲ.
ಬೆರಳ ಗೆಣ್ಣಿನ ಮೇಲೆ ಒಣಗಿದ ಗಾಯ,
ಗಾಜಿನದೋ ಏನೋ, ನಾನು ಕೇಳಲಿಲ್ಲ.
ಹೊಸ್ತಿಲಲ್ಲೇ ನಿಂತುಬಿಟ್ಟ,
ಹೂಡಿಯೊಳಗೆ ಕೈ ತೂರಿಸಿ ಎರಡೂ ಕಿವಿಗೆ ಬೆರಳಿಟ್ಟು.
‘ನಿಮಗೆ ಕೇಳಿಸಲ್ವಾ ಇದು?’
‘ಇಲ್ಲ’ ಅಂದೆ. ನಿಜವನ್ನೇ ಹೇಳಿದೆ.
ಸುಳ್ಳು ಹೇಳಿದವಳನ್ನು ನೋಡುವ ಹಾಗೆ ನೋಡಿದ.

ಪೊಟ್ಟಣಕ್ಕೆ ಚೀಟಿ ಅಂಟಿಸಿ
ಬಾಗಿಲ ತನಕ ನಡೆದು ಹೋಗಿ ಚಾಚಿದೆ.
ತಗೊಳ್ಳಬೇಕಾದರೆ
ಒಂದು ಕಿವಿಯ ಬೆರಳು ತೆಗೆಯಬೇಕಿತ್ತು ಅವನು.
ಯಾವ ಕಿವಿ ಅಂತ ಗಳಿಗೆ ಹೊತ್ತು ಯೋಚಿಸಿದ.
ಅಷ್ಟು ಹೊತ್ತೂ
ನನ್ನ ಕೈ ಚಾಚಿಯೇ ಇತ್ತು.