ಸರದಿ

ನಮ್ಮೂರ ಮ್ಯೂಸಿಯಂ ಮೊದಲು ಬೆಂಕಿ ಆರಿಸುವವರ ಠಾಣೆ.
ಈಗಲೂ ಮೋಡ ಕವಿದ ದಿನ ಗೋಡೆಗಳಿಗೆ
ಒದ್ದೆ ಹಗ್ಗದ ವಾಸನೆ.
ಇರುವುದು ಒಂದೇ ಗಾಜಿನ ಪೆಟ್ಟಿಗೆ,
ಬಾಗಿಲು ಹಾಕಿದ ಔಷಧಿ ಅಂಗಡಿಯದು.
ಕೆಳಗೆ ನೆಲಮಾಳಿಗೆಯಲ್ಲಿ
ಇಡೀ ಊರು ಹಳೇ ಪೇಪರು ಹೊದ್ದುಕೊಂಡು
ತನ್ನ ಪಾಳಿ ಕಾಯುತ್ತಿದೆ.

ಮೂರು ತಿಂಗಳಿಗೊಂದು ಸರದಿ.
ಮಾರ್ಚಿಯಲ್ಲಿ ಮದುವೆಯ ಗೌನುಗಳು.
ಜೂನಿಗೆ ಬೇಸ್‌ಬಾಲ್, ಮೂವತ್ತೊಂದರಲ್ಲಿ ಸೋತ ತಂಡದ್ದು
(ಗೆದ್ದ ವರ್ಷದ್ದನ್ನು ಯಾರೂ ಕೊಡಲಿಲ್ಲ,
ಗೆದ್ದವರು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ).
ಆಮೇಲೆ, ಎಲೆ ಕೆಂಪಾಗುವಾಗ, ಗುಂಡಿ.

ಅಂಗಿಗೆ ಹಾಕುವ ಗುಂಡಿ.
ಮಿಸಿಸಿಪ್ಪಿಯ ತಳ ಕೆರೆದು ಕಪ್ಪೆಚಿಪ್ಪು ಎತ್ತಿ,
ಬೇಯಿಸಿ, ಮಾಂಸ ಹಂದಿಗೆ ಹಾಕಿ,
ಚಿಪ್ಪಿನಿಂದ ದುಂಡುದುಂಡಗೆ ಕೊರೆದು
ಅರ್ಧ ದೇಶದ ಎದೆ ಮುಚ್ಚಿದವರು ನಾವು.
ಈಗಲೂ ಹಿತ್ತಿಲು ಅಗೆದರೆ ತೂತುತೂತಾದ ಚಿಪ್ಪು,
ಯಾರೋ ಆಕಾಶದಿಂದ ಹುಣ್ಣಿಮೆಗಳನ್ನಷ್ಟೇ
ಕಿತ್ತುಕೊಂಡು ಹೋದ ಹಾಗೆ.
ಸತ್ತವರಿಗೆ ಗುಂಡಿ ತೋಡಿದರೂ
ಗುಂಡಿಗಳೇ ಸಿಗುತ್ತವೆ.

ಆ ಸರದಿ ಪೂರ್ತಿ ಬಂದರು ವರ್ಲಿನ್ ಓಸ್ಗಾರ್ಡ್,
ದಿನಾ ಎರಡು ಗಂಟೆಗೆ, ಟೋಪಿ ಕೈಯಲ್ಲಿ.
ನೋಡುವುದು ಒಂದೇ, ಚರ್ಮದ ಎಡಗೈ ಗವಸು.
ಅದರ ತೋರುಬೆರಳು ಒಳಕ್ಕೆ ಮಡಚಿ
ಅಂಗೈಗೆ ಸೇರಿಸಿ ಹೊಲಿದಿದೆ.
ಅಪ್ಪನದಂತೆ. ಗರಗಸ ಬೆರಳು ತಿಂದ ವಾರ
ಖಾಲಿ ಚರ್ಮವೂ ಯಂತ್ರದ ಬಾಯಿಗೆ ಸಿಗದಿರಲೆಂದು
ಅಮ್ಮ ಹಾಕಿದ ಹೊಲಿಗೆ.

ನಾನು ಬರೆದಿದ್ದ ಚೀಟಿ:
'ಕೆಲಸಗಾರನ ಕೈಗವಸು. ಸುಮಾರು ೧೯೨೪.'
ಡೊರೊಥಿಯಾ ವೆಂಟ್ ಅವರ ಕಟ್ಟಪ್ಪಣೆ,
ಚೀಟಿ ಇಪ್ಪತ್ತು ಪದ ಮೀರಕೂಡದು,
ನಿಂತು ಓದುವ ಜನ, ಕಾಲು ನೋಯುತ್ತದೆ.
ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ
ತಂತಿಯ ಪದ ಎಣಿಸಿದವಳು ನಾನು,
ನಾಲ್ಕರಲ್ಲೇ ಮುಗಿಸಿದ್ದೆ.
'ಇನ್ನೂ ಹದಿನಾರು ಉಳಿದಿವೆಯಲ್ಲ,'
ಓಸ್ಗಾರ್ಡ್ ಗಾಜಿಗೇ ಹೇಳಿದರು,
'ರಗ್ನಾ ಅಂತ, ಹೊಲಿದವಳು.'

ನವೆಂಬರಿನ ಕೊನೇ ದಿನ ಕೇಳಿದರು:
ಮತ್ತೆ ಯಾವಾಗ ಇದರ ಪಾಳಿ?
ರಿಜಿಸ್ಟರು ತಿರುವಿದೆ. ಏಳು ವರ್ಷಕ್ಕೆ.
ಎಂಬತ್ತನಾಲ್ಕಕ್ಕೆ ಏಳು ಕೂಡಿಸಲು
ಅವರಿಗೆ ಬಹಳ ಹೊತ್ತು ಹಿಡಿಯಿತು.
ಗಾಜಿನ ಮೇಲೆ ಉಸಿರು ಮಂಜಾಗಿದ್ದ ಕಡೆ
ತೋಳಿನಿಂದ ಒರೆಸಿ, ಟೋಪಿ ಹಾಕಿಕೊಂಡರು.

ಮರುದಿನ ಒಬ್ಬಳೇ ಎಲ್ಲ ಇಳಿಸಿದೆ.
ಪಡುವಣ ಕಿಟಕಿಯ ಬಿಸಿಲಿಗೆ
ಹೊಸ ನೀಲಿ ಮಖಮಲ್ಲು ಆಗಲೇ ಬೂದಿ ಬಣ್ಣ.
ಗವಸು ಎತ್ತಿದರೆ
ಕೆಳಗೆ ಅಂಗಡಿಯಿಂದ ತಂದ ದಿನದ ಗಾಢ ನೀಲಿ.
ನಾಲ್ಕೇ ಬೆರಳಿನ ಒಂದು ಕೈ.

ಚಳಿಗಾಲಕ್ಕೆ ಪ್ರವಾಹ: ದೋಣಿಯ ಹುಟ್ಟು, ಕೆಸರು ಮೆತ್ತಿದ ಬೈಬಲ್ಲು,
ನೀರಲ್ಲಿ ನಿಂತುಹೋದ ಗೋಡೆ ಗಡಿಯಾರ.
ನಡುವೆ ಇಡಬೇಕಾದ ಗಡಿಯಾರವನ್ನು
ಗೇಣಿನಷ್ಟು ಬಲಕ್ಕೆ ಸರಿಸಿದೆ.
ಡೊರೊಥಿಯಾ ಬಂದು, ಕನ್ನಡಕ ಹಾಕಿ,
'ಓರೆಯಾಗಿದೆ' ಅಂದರು.
ಹೌದು ಅಂದೆ.
ಬಗ್ಗಿ ನೋಡಿದರು. ಇನ್ನೊಮ್ಮೆ ಬಗ್ಗಿದರು.
ದೀಪದ ಬಲ್ಬು ಬದಲಿಸಬೇಕೆಂದು ಏಣಿ ಹುಡುಕಲು ಹೋದರು.

ಮಂಗಳವಾರ, ಎರಡು ಗಂಟೆ.
ಬರಲಾರರು ಅಂದುಕೊಂಡಿದ್ದೆ.
ಕೈಯನ್ನು ನೋಡಿದರೋ ಇಲ್ಲವೋ ತಿಳಿಯಲಿಲ್ಲ,
ಗಡಿಯಾರವನ್ನೇ ದಿಟ್ಟಿಸಿದರು.
'ನಾಲ್ಕೂ ಹತ್ತು ಅಂತ ಬರೆದಿದ್ದೀಯ, ತಪ್ಪು.
ನೀರು ನುಗ್ಗಿದ್ದು ಐದಕ್ಕೆ, ನಾನಲ್ಲಿದ್ದೆ.
ಷ್ಮಿಟ್ಕೆ ಮನೆಯ ಗಡಿಯಾರ ಇದು,
ಒಣಗಿದ್ದಾಗಲೂ ಹಿಂದೆಯೇ ಇತ್ತು.'

ಪೆನ್ನು ತೆಗೆದೆ. ಎಣಿಸಿದೆ.
ಒಂಬತ್ತು ಪದ ಬಾಕಿ ಇದ್ದವು.
ನಿಧಾನಕ್ಕೆ ಹೇಳಿ, ಅಂದೆ.