ಒಳಗೋಡೆಯ ನೀರು

ಎಂದೋ ಟೈರು ತುಂಬಿಕೊಂಡು ಮಸ್ಸಾವ ಬಂದರಿಗೆ
ಇಳಿದ ಕಬ್ಬಿಣದ ಪೆಟ್ಟಿಗೆ.
ಈಗ ಒಳಗೆ ನಾವು ಹನ್ನೊಂದು ಹೆಂಗಸರು.
ವಾಸನೆ ಇನ್ನೂ ಟೈರಿನದೇ.
ಅಳೆದಿದ್ದೇವೆ: ಉದ್ದ ಎಂಟು ಹೆಜ್ಜೆ,
ಅಗಲ, ಮಲಗಿದ ಅಬ್ರೆಹೆತ್, ಮೇಲೆ ಮೂರು ಗೇಣು.

ಹಗಲು ಕಲ್ಲು ಒಡೆಯುತ್ತೇವೆ. ಯಾವ ರಸ್ತೆಗೋ, ಯಾರೂ ಹೇಳಿಲ್ಲ.
ಕಾವಲಿನ ಹುಡುಗನಿಗೆ ಮೀಸೆ ಮೂಡಿಲ್ಲ,
ಅವನ ಚಪ್ಪಲಿಯೂ ಹರಿದಿದೆ,
ಅವನಿಗೂ ಮನೆಗೆ ಹೋಗುವ ದಿನ ಗೊತ್ತಿಲ್ಲ.
"ಒಂದು ರುಜು ಹಾಕಿಬಿಡು ಅಕ್ಕಾ," ಅನ್ನುತ್ತಾನೆ, ನೆಲ ನೋಡುತ್ತ,
"ಇನ್ನು ಪ್ರಾರ್ಥನೆಗೆ ಸೇರುವುದಿಲ್ಲ ಅಂತ.
ದೇವರಿಗೇನು ಓದು ಬರುತ್ತದಾ?"
ಬರುತ್ತದಪ್ಪ. ಅದೇ ತೊಂದರೆ.

ರಾತ್ರಿ ಕಬ್ಬಿಣ ಆರುತ್ತದೆ.
ಬೆಳಗಿನ ಜಾವಕ್ಕೆ ನಮ್ಮ ಉಸಿರೆಲ್ಲ
ಒಳಗೋಡೆಯ ಮೇಲೆ ಹನಿಯಾಗಿ ನಿಂತಿರುತ್ತದೆ.
ಸರದಿಯಂತೆ ನೆಕ್ಕುತ್ತೇವೆ, ಮೊದಲು ಕೆಮ್ಮುವವರು.
ತುಕ್ಕಿನ ರುಚಿ. ಯಾರ ಉಸಿರು ಯಾರ ನಾಲಿಗೆಗೋ.
ಹಾಡಿದ ರಾತ್ರಿ ಹನಿ ಹೆಚ್ಚು,
ಬರೀ ತುಟಿ ಆಡಿಸಿ ಹಾಡಿದರೂ.

ಮೊನ್ನೆ ಲೆತೆಬ್ರಹಾನ್ ರುಜು ಹಾಕಿದಳು.
ಅವಳ ಕೂಸು ಎದ್ದು ನಡೆಯುತ್ತಿದೆಯಂತೆ,
ಬಿಟ್ಟು ಬಂದಾಗ ಕವುಚಿಕೊಳ್ಳುವುದೂ ಗೊತ್ತಿರಲಿಲ್ಲ.
ಯಾರ ಮುಖವನ್ನೂ ನೋಡಲಿಲ್ಲ,
ತನ್ನ ಬಿಳಿ ಶಾಲನ್ನು ನನ್ನ ಕಾಲ ಬಳಿ ಮಡಚಿಟ್ಟು ಹೋದಳು.
ಅಗುಳಿ ಬಿದ್ದ ಮೇಲೆ ಕತ್ತಲಲ್ಲಿ ಯಾರೋ ಅಂದರು:
"ಹಾಲು ಬತ್ತಿರುತ್ತದೆ, ಪಾಪ."
ಬೈದವರಿಲ್ಲ.

ಬೆಳಿಗ್ಗೆ ನನ್ನ ಸರದಿ ಬರುವ ಹೊತ್ತಿಗೆ
ಗೋಡೆ ಒಣಗಿತ್ತು.